ಅಮ್ಮ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಮದುವೆಯ ಹಸೆ ಹಾಡುಗಳು ಫೋನಿನಲ್ಲಿ ಓದಲು ಬರುತ್ತಿಲ್ಲ, ಯೂನಿಕೋಡ್ ಮಾಡುವುದು ಹೇಗೆ?

ಸಾಗರದವ:

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಸಾಗರ, ಹೊಸನಗರ ಕಡೆಯ ಮದುವೆ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎಣ್ಣೆ ಅರಿಶಿನ ಹಚ್ಚುವಾಗಿನ ಹಾಡು, ಧಾರೆ ಹಾಡು, ಹೆಣ್ಣು ಒಪ್ಪಿಸುವ ಹಾಡು, ಎಲ್ಲ ಇವೆ. ಮನೆಗೆ ಕಂಪ್ಯೂಟರ್ ಬಂದ ಮೇಲೆ ನುಡಿ ಕಲಿತು ಅಷ್ಟನ್ನೂ ತಾವೇ ಟೈಪ್ ಮಾಡಿದರು. ಹಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ.

ಹೋದ ವಾರ ಆ ಹಳೆ ಸಿಡಿಗಳನ್ನು ತೆಗೆದು ನೋಡಿದೆ. ಪುಣ್ಯಕ್ಕೆ ಓಪನ್ ಆದವು. ಹೆಚ್ಚಿನವು ವರ್ಡ್ ಫೈಲ್, ಕೆಲವು ಪೇಜ್‌ಮೇಕರ್ (ಪುಟ ಜೋಡಿಸುವ ಹಳೆ ತಂತ್ರಾಂಶ). ನುಡಿ ಫಾಂಟ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಾಣುತ್ತವೆ. ಫೋನಿನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕೆ, ಗೆರೆ, ಟೋಪಿ ಇರುವ ಏನೇನೋ ಬರುತ್ತದೆ. ಅಕ್ಕ ಇರುವುದು ದೂರದೂರಿನಲ್ಲಿ, ಅವಳಿಗೆ ಕಳಿಸಿದರೂ ಹಾಗೇ.

ಒಂದು ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ ನೋಡಿದೆ. ಸುಮಾರು ಕನ್ನಡವಾಯಿತು, ಆದರೆ ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂತಿದೆ. ಪ್ರತಿ ಹಾಡಿನ ಕೆಳಗೆ ಅಮ್ಮ ಯಾವ ಕ್ಯಾಸೆಟ್, ಯಾವ ಸೈಡ್ ಎಂದು ಇಂಗ್ಲಿಷ್‌ನಲ್ಲಿ ಹಾಕಿದ್ದರು, ಅದೆಲ್ಲ ಕಲಸಿಹೋಗಿದೆ. ನಾಲ್ಕೈದು ಫೈಲಂತೂ ಒಂದಕ್ಷರವೂ ಅರ್ಥವಾಗದ ಹಾಗೆ ಬಂತು. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದರೆ ಎಲ್ಲ ಹೊಸದಾಗಿ ಟೈಪ್ ಮಾಡಿಸಿ ಅಂದರು. ಅಮ್ಮ ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಇನ್ನೊಬ್ಬರು ಮತ್ತೆ ಟೈಪ್ ಮಾಡಿದರೆ ಹಾಡಿನ ಮಾತೇ ಬದಲಾಗುತ್ತದೆ ಅನ್ನುವ ಭಯ ನನಗೆ. ಗೊತ್ತಿದ್ದವರು ದಾರಿ ಹೇಳಿ.

ಬಯಲುಸೀಮೆ:

ನುಡಿ ಫಾಂಟನ್ನೇ ಫೋನಿಗೂ ಹಾಕಿಕೊಳ್ಳಬಹುದಲ್ಲ? ಕೆಲವು ಆಫೀಸ್ ಆ್ಯಪ್‌ಗಳಲ್ಲಿ ಹೊರಗಿನ ಫಾಂಟ್ ಸೇರಿಸಲು ಬರುತ್ತದೆ. ಇಲ್ಲದಿದ್ದರೆ ಎಲ್ಲವನ್ನೂ ಪಿಡಿಎಫ್ ಮಾಡಿ ಕಳಿಸಿಬಿಡಿ, ನೋಡಲು ಸರಿಯಾಗಿ ಕಾಣುತ್ತದೆ.

ಗದಗಿನ ಅಕ್ಕ:

ಬಯಲುಸೀಮೆಯವರು ಹೇಳಿದ್ದು ಒಂದು ಸಲ ನೋಡಾಕ ಸಾಕು, ಇಟ್ಟುಕೊಳ್ಳಾಕ ಸಾಲಂಗಿಲ್ಲ. ಪಿಡಿಎಫ್ ಕಣ್ಣಿಗೆ ಕನ್ನಡ, ಒಳಗ ಅದೇ ಹಳೆ ಇಂಗ್ಲಿಷ್ ಅಕ್ಷರ. ನಾಳೆ ಯಾರಾದ್ರೂ ಒಂದು ಹಾಡಿನ ಮೊದಲ ಸಾಲು ಹಾಕಿ ಹುಡುಕಿದ್ರ ಸಿಗಂಗಿಲ್ಲ. ಹುಡುಕಾಕ ಸಿಗದ ಹಾಡು ಇದ್ದೂ ಇಲ್ಲಧಂಗ.

ಸಾಗರದ ತಮ್ಮಾ, ನಾನು ಗದಗಿನ ಪ್ರೆಸ್ಸುಗಳೊಳಗ ಡಿಟಿಪಿ (ಕಂಪ್ಯೂಟರಿನ್ಯಾಗ ಪುಟ ಜೋಡಿಸೋ ಕೆಲಸ) ಮಾಡಿಕೋತ ಬಂದಾಕಿ. ಲಗ್ನಪತ್ರಿಕೆ, ಶಾಲಿ ಗೈಡು, ಜಾತ್ರಿ ಹ್ಯಾಂಡ್‌ಬಿಲ್ಲು, ಪುರಾಣದ ಪುಸ್ತಕ, ಎಲ್ಲಾ ನುಡಿ ಮತ್ತ ಶ್ರೀಲಿಪಿ ಅನ್ನೋ ಇನ್ನೊಂದು ತಂತ್ರಾಂಶದೊಳಗ ಹೊಡದೀನಿ. ನಿಮ್ಮ ಅಮ್ಮನ ಫೈಲು ಹೊಸದಾಗಿ ಟೈಪ್ ಮಾಡೋ ಕಾರಣನ ಇಲ್ಲ. ಅಂಗಡಿಯವರ ಮಾತು ಬಿಡ್ರಿ.

ಆದ್ರ ಮೊದಲ ಒಂದು ಎಚ್ಚರ. ಸಿಡಿಯೊಳಗಿದ್ದದ್ದನ್ನ ಇದ್ದಂಗ ಎರಡು ಕಡೆ ಕಾಪಿ ಮಾಡಿ ಇಡ್ರಿ, ಕೆಲಸ ಮೂರನೇ ಕಾಪಿ ಮ್ಯಾಲ ಮಾಡ್ರಿ. ಫೈಲಿನ ಮಾತನ್ನ ನೋಟ್‌ಪ್ಯಾಡಿಗೆ ಅಂಟಿಸಿ ಅಲ್ಲಿಂದ ಕನ್ವರ್ಟರ್‌ಗೆ ಹಾಕೋದು ಬ್ಯಾಡ. ನೋಟ್‌ಪ್ಯಾಡಿಗೆ ಬಿದ್ದ ಕೂಡ್ಲೆ ಫಾಂಟಿನ ಹೆಸರು ಹೋಗತೈತಿ. ನಿಮ್ಮ ಕೆಲಸಕ್ಕ ಎಲ್ಲಾಕ್ಕಿಂತ ಬೇಕಾದ ಮಾಹಿತಿ ಆ ಹೆಸರು. ಯಾಕ ಅಂತ ಹೇಳತೀನಿ.

ಹಳೆ ನುಡಿ ಫಾಂಟಿನೊಳಗ ಅಕ್ಷರ ಇರಂಗಿಲ್ಲ, ಅಕ್ಷರದ ಚೂರು ಇರತಾವ. ಮೊಳೆ ಜೋಡಿಸಿ ಅಚ್ಚು ಹಾಕಿಧಂಗನ. ಕ ಅಂದ್ರ ಎರಡು ಚೂರು: ಕೆಳಗಿನ ಮೈ ಒಂದು, ಮ್ಯಾಲಿನ ತಲಕಟ್ಟು ಒಂದು. ಕಿ ಅಂದ್ರ ಮತ್ತ ಒಂದೇ ಚೂರು. ಮ ಬೇಕಂದ್ರ ವ ಇಟ್ಟು ಬಾಜೂಕ ಕೊಂಬು ಹಚ್ಚತೈತಿ. ಯ ಕೂಡ್ಸಾಕ ಒಂದು ಸೊನ್ನಿನೂ (ಅನುಸ್ವಾರ) ಬೇಕು! ಅಮ್ಮ ಕೀಲಿ ಒತ್ತಿದ್ದು ಕ, ಮ, ಯ ಅಂತನ, ಒಳಗ ತಂತ್ರಾಂಶ ಈ ಚೂರು ಜೋಡಿಸಿ ಇಡತಿತ್ತು. ಒಂದೊಂದು ಚೂರೂ ಒಂದೊಂದು ಇಂಗ್ಲಿಷ್ ಅಕ್ಷರದ ಜಾಗಾದಾಗ ಕುಂತಿರತೈತಿ. ಫಾಂಟ್ ಇಲ್ಲದ ಫೋನಿನ್ಯಾಗ ಆ ಇಂಗ್ಲಿಷ್ ಅಕ್ಷರನ ಕಾಣತಾವ, ನೀವು ನೋಡಿದ್ದು ಅದನ್ನ.

ಯೂನಿಕೋಡ್ ಹಂಗಲ್ಲ. 1991ರ ಮೊದಲನೇ ಆವೃತ್ತಿಯಿಂದನ ಕನ್ನಡಕ್ಕ ಅಂತ 128 ಸ್ಥಾನದ ಜಾಗಾ ಬ್ಯಾರೆ ಐತಿ. ಕ ಅಂದ್ರ ಕ, ಅದರ ಆಕಾರ ಹೆಂಗ ಬರೀಬೇಕು ಅನ್ನೋದು ಫಾಂಟಿನ ಕೆಲಸ. ಹಿಂಗಾಗಿ ಯಾವ ಫೋನಿಗೆ ಕಳಿಸಿದ್ರೂ ಕನ್ನಡಾನ ಕಾಣತೈತಿ.

ಈಗ ನಿಮ್ಮ ಇಂಗ್ಲಿಷ್ ಯಾಕ ಕೆಟ್ಟಿತು ನೋಡ್ರಿ. ಇಂಗ್ಲಿಷಿನ ದೊಡ್ಡ ‘ಪಿ’ ಮತ್ತ ಕ-ದ ಮೈ ಒಂದೇ ಅಂಕಿ (ಕಂಪ್ಯೂಟರ್ ಅಕ್ಷರಕ್ಕ ಕೊಡೋ ನಂಬರ್) ಮ್ಯಾಲ ಅದಾವ. ದೊಡ್ಡ ‘ಎ’ ಮತ್ತ ಸೊನ್ನಿ ಒಂದೇ ಅಂಕಿ. ಅಮ್ಮ ಕ್ಯಾಸೆಟ್ಟಿನ ಸೈಡ್ ‘ಎ’ ಅಂತ ಬರದಿದ್ರ ಕನ್ವರ್ಟರ್ ಅದನ್ನ ಸೊನ್ನಿ ಅಂತ ತಿಳಕೊಂಡು ಬದಲಿಸಿರತೈತಿ. ಅದಕ್ಕ ಗೊತ್ತಾಗೋದು ಹೆಂಗ? ಮೂಲ ಫೈಲಿನ್ಯಾಗ ಕನ್ನಡದ ಮಾತಿಗೆ ನುಡಿ ಫಾಂಟ್, ಇಂಗ್ಲಿಷಿಗೆ ಟೈಮ್ಸ್ ಅಂತ ಗುರುತು ಇತ್ತು. ನೀವು ಕಾಪಿ ಮಾಡಿ ಅಂಟಿಸಿದಾಗ ಆ ಗುರುತು ಅಳಿಸಿ ಹೋತು.

ಅರ್ಕಾವೊತ್ತಿನದು ಬ್ಯಾರೆ ಕತಿ. ಸೂರ್ಯ ಅನ್ನೋದನ್ನ ನುಡಿ ಫಾಂಟಿನ್ಯಾಗ ಕಣ್ಣಿಗೆ ಕಾಣೋ ಸಾಲಿನ ಪ್ರಕಾರ ಇಡತಾರ: ಸೂ, ಆಮ್ಯಾಲ ಯ, ಕಡೀಕ ಅರ್ಕಾವೊತ್ತು. ಯೂನಿಕೋಡಿನ್ಯಾಗ ನಾಲಿಗಿ ಮ್ಯಾಲ ಬರೋ ಸಾಲು: ಸೂ, ರ್, ಯ. ಬರೇ ಚೂರಿಗೆ ಚೂರು ಬದಲಿಸೋ ಕನ್ವರ್ಟರ್ ಇದನ್ನ ಹಿಂದ ಮುಂದ ಮಾಡಂಗಿಲ್ಲ. ಒಳ್ಳೇ ಕನ್ವರ್ಟರ್ ಆದ್ರ ಮಾಡತೈತಿ. ಇನ್ನೊಂದು ಐತಿ, ಬಾಳ ಮಂದಿ ಅರ್ಕಾವೊತ್ತು ಸಿಗಲಿಲ್ಲ ಅಂದ್ರ ಕನ್ನಡದ ಒಂಬತ್ತು ಅಂಕಿ ಹೊಡೀತಿದ್ರು, ನೋಡಾಕ ಎರಡೂ ಒಂದೇ. ಕನ್ವರ್ಟ್ ಆದ ಮ್ಯಾಲ ‘೯’ ಅಂತ ಹುಡುಕ್ರಿ. ಅಕ್ಷರದ ಬೆನ್ನಿಗೆ ಹತ್ತಿಕೊಂಡ ಒಂಬತ್ತು ಎಲ್ಲೆಲ್ಲಿ ಸಿಗತೈತೋ ಅಲ್ಲೆಲ್ಲಾ ಕೈಲೆ ತಿದ್ದಬೇಕು. ಹಂಗೇ ಸೊನ್ನಿ ಬದಲಿ ಇಂಗ್ಲಿಷಿನ ಸೊನ್ನೆ ಅಂಕಿ ಹೊಡದದ್ದೂ ಸಿಗಬಹುದು.

ಒಂದಕ್ಷರನೂ ತಿಳೀಧಂಗ ಬಂದ ಆ ನಾಲ್ಕೈದು ಫೈಲ್ ಅದಾವಲ್ಲ, ಅವನ್ನ ವರ್ಡಿನ್ಯಾಗ ತೆಗೆದು ಒಂದು ಸಾಲಿನ ಮ್ಯಾಲ ಕ್ಲಿಕ್ ಮಾಡಿ ಮ್ಯಾಲ ಫಾಂಟಿನ ಹೆಸರು ಏನೈತಿ ನೋಡ್ರಿ. ನುಡಿ ಅಂತಿದ್ರ ಅಥವಾ ಬಿಆರ್‌ಎಚ್ ಅಂತ ಸುರು ಆಗಿದ್ರ, ಅದು ಬರಹ ಅನ್ನೋ ತಂತ್ರಾಂಶದ್ದು, ಎರಡಕ್ಕೂ ಒಂದೇ ಕನ್ವರ್ಟರ್ ನಡೀತೈತಿ. ಶ್ರೀಲಿಪಿ ಆಗಿದ್ರ ಅದರ ಚೂರಿನ ಪಟ್ಟಿನ ಬ್ಯಾರೆ, ಅದಕ್ಕ ಬ್ಯಾರೆ ಕನ್ವರ್ಟರ್ ಬೇಕು. ಮದುವಿ ಪುಸ್ತಕನೋ, ಸ್ಮರಣ ಸಂಚಿಕೆನೋ ಯಾವುದಾದ್ರೂ ಪ್ರೆಸ್ಸಿನಿಂದ ಬಂದ ಫೈಲ್ ಇರಬೇಕು ಅಂತ ನನ್ನ ಅಂದಾಜು.

ಮತ್ತೊಂದು, ತಿದ್ದೋ ಮುಂದ ಮೂಲ ಫೈಲಿನ್ಯಾಗ ಏನೂ ಟೈಪ್ ಮಾಡಬ್ಯಾಡ್ರಿ. ವರ್ಡಿನ ಆಟೋಕರೆಕ್ಟ್ ಸಾಲಿನ ಮೊದಲ ಅಕ್ಷರ ದೊಡ್ಡದು ಮಾಡತೈತಿ. ನುಡಿಯೊಳಗ ಸಣ್ಣ ಅಕ್ಷರ ಒಂದು ಚೂರು, ದೊಡ್ಡ ಅಕ್ಷರ ಇನ್ನೊಂದು ಚೂರು. ಕಣ್ಣಿಗೆ ಬೀಳೋದ್ರೊಳಗ ಮಾತು ಬದಲಾಗಿರತೈತಿ.

ಜಯನಗರ ಕೋಡರ್:

ಅಕ್ಕ ಹೇಳಿದ ಫಾಂಟಿನ ಹೆಸರಿನ ವಿಷಯವೇ ಇದರ ಕೀಲಿಕೈ. ನಮ್ಮ ತಾತನ ಲೇಖನಗಳಿಗೆ ಇದೇ ಕೆಲಸ ಮಾಡಿದ್ದೇನೆ, ದಾರಿ ಹೇಳುತ್ತೇನೆ.

ಮೊದಲು ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಳೆಯ ಡಾಕ್ ಫೈಲುಗಳನ್ನು ಡಾಕ್ಸ್ ಆಗಿ ಸೇವ್ ಮಾಡಿ. ಡಾಕ್ಸ್ ಅಂದರೆ ಒಳಗೆ ಎಕ್ಸ್‌ಎಂಎಲ್ (ಗುರುತು ಹಾಕಿದ ಪಠ್ಯ) ಇರುವ ಒಂದು ಜಿಪ್ ಫೈಲ್. ಅದರಲ್ಲಿ ಪಠ್ಯ ‘ರನ್’ ಎಂಬ ತುಂಡುಗಳಾಗಿ ಇರುತ್ತದೆ, ಒಂದೊಂದು ರನ್‌ಗೂ ಫಾಂಟ್ ಯಾವುದು ಎಂದು ಬರೆದಿರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪೈಥಾನ್-ಡಾಕ್ಸ್ ಲೈಬ್ರರಿ ಹಾಕಿಕೊಂಡು, ನುಡಿ ಫಾಂಟ್ ಇರುವ ರನ್‌ಗಳನ್ನು ಮಾತ್ರ ಕನ್ವರ್ಟ್ ಮಾಡಿ ಉಳಿದದ್ದನ್ನು ಮುಟ್ಟದೆ ಬಿಡಬೇಕು. ಕ್ಯಾಸೆಟ್ ವಿವರಗಳು ಹಾಗೇ ಉಳಿಯುತ್ತವೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಕೋಡ್ ಓಪನ್ ಸೋರ್ಸ್ ಆಗಿ ಸಿಗುತ್ತದೆ, ಯಾವ ಚೂರಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ನೀವು ಕೂತು ಬರೆಯಬೇಕಿಲ್ಲ. ಪಟ್ಟಿಯಲ್ಲಿ ಉದ್ದದ ಜೋಡಣೆಯನ್ನು ಮೊದಲು ಹುಡುಕುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ, ಇಲ್ಲದಿದ್ದರೆ ಮ ಎಲ್ಲ ‘ವು’ ಆಗುತ್ತದೆ.

ತೊಂದರೆ ಕೊಡುವ ಜಾಗಗಳು ಬೇರೆ ಇವೆ. ವರ್ಡ್ ಒಂದೇ ಪದವನ್ನು ನಡುವೆ ಕತ್ತರಿಸಿ ಎರಡು ರನ್ ಮಾಡಿರುತ್ತದೆ, ಕಣ್ಣಿಗೆ ಯಾವ ಕಾರಣವೂ ಕಾಣುವುದಿಲ್ಲ. ಕ-ದ ಮೈ ಒಂದು ರನ್‌ನಲ್ಲಿ, ತಲಕಟ್ಟು ಇನ್ನೊಂದರಲ್ಲಿ ಬಿದ್ದರೆ ಕನ್ವರ್ಟರ್ ಸೋಲುತ್ತದೆ. ಆದ್ದರಿಂದ ಅಕ್ಕಪಕ್ಕದ, ಒಂದೇ ಫಾಂಟಿನ ರನ್‌ಗಳನ್ನು ಮೊದಲು ಸೇರಿಸಿ, ಆಮೇಲೆ ಕನ್ವರ್ಟ್ ಮಾಡಿ. ಕೆಲವು ರನ್‌ಗಳಲ್ಲಿ ಫಾಂಟಿನ ಹೆಸರೇ ಇರುವುದಿಲ್ಲ, ಆಗ ಅದು ಪ್ಯಾರಾಗ್ರಾಫಿನ ಸ್ಟೈಲ್‌ನಿಂದ ಬಂದಿರುತ್ತದೆ, ಅಲ್ಲಿ ನೋಡಬೇಕು. ಟೇಬಲ್ ಒಳಗಿನ ಪಠ್ಯವನ್ನು ಪೈಥಾನ್-ಡಾಕ್ಸ್ ಪ್ಯಾರಾಗ್ರಾಫ್‌ಗಳ ಜೊತೆ ಕೊಡುವುದಿಲ್ಲ, ಅದಕ್ಕೆ ಪ್ರತ್ಯೇಕವಾಗಿ ಸುತ್ತು ಹಾಕಿ.

ಕನ್ವರ್ಟ್ ಆದ ಮೇಲೆ ನೋಟೋ ಸೆರಿಫ್ ಕನ್ನಡ ಅಥವಾ ಯಾವುದಾದರೂ ಯೂನಿಕೋಡ್ ಫಾಂಟ್ ಕೊಡಿ. ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ (ಜಟಿಲ ಲಿಪಿ) ಎಂದು ಎಣಿಸುತ್ತದೆ, ಹಾಗಾಗಿ ಫಾಂಟ್ ಮತ್ತು ಸೈಜ್ ಎರಡನ್ನೂ ಆ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಜಾಗದಲ್ಲೂ ಹಾಕಬೇಕು. ಹಾಕದಿದ್ದರೆ ನೀವು 14 ಅಂತ ಕೊಟ್ಟರೂ ಕನ್ನಡ ಬೇರೆ ಗಾತ್ರದಲ್ಲೇ ಕೂತಿರುತ್ತದೆ.

ಪ್ರೋಗ್ರಾಮಿಂಗ್ ಬರದಿದ್ದರೆ ಹೇಳಿ, ಈ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮನ್ನು (ಸ್ಕ್ರಿಪ್ಟ್) ಇಲ್ಲೇ ಹಾಕುತ್ತೇನೆ. ಇಂಥ ಫೈಲುಗಳು ಮನೆಮನೆಯಲ್ಲಿ ಇವೆ, ಬೇರೆಯವರಿಗೂ ಆಗಲಿ.

ಸಾಗರದವ:

ಅಕ್ಕ, ಜಯನಗರದವರೇ, ನಿಮಗಿಬ್ಬರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ನೀವು ಕೊಟ್ಟ ಸ್ಕ್ರಿಪ್ಟ್ ಓಡಿಸಿದೆ. ಧಾರೆ ಹಾಡಿನ ಫೈಲ್ ಪೂರ್ತಿ ಫೋನಿನಲ್ಲಿ ಬಂತು, ಕ್ಯಾಸೆಟ್ ವಿವರವೂ ಸರಿಯಾಗಿದೆ. ‘ಹಸೆಗೆ ಕರೆ’ ಅಂತ ಹುಡುಕಿದರೆ ಎಲ್ಲ ಹಾಡುಗಳೂ ಸಾಲಾಗಿ ಬಂದವು. ಆ ಅರ್ಥವಾಗದ ಫೈಲುಗಳು ಶ್ರೀಲಿಪಿಯವೇ. ಅಮ್ಮನನ್ನು ಕೇಳಿದೆ, ಊರಿನ ದೇವಸ್ಥಾನದ ಸ್ಮರಣ ಸಂಚಿಕೆಗೆ ಕೊಟ್ಟಿದ್ದ ಹಾಡುಗಳು, ಪ್ರೆಸ್ಸಿನವರೇ ಟೈಪ್ ಮಾಡಿದ್ದರಂತೆ.

ಇನ್ನು ಪೇಜ್‌ಮೇಕರ್ ಫೈಲ್ ಉಳಿದಿದೆ. ಮತ್ತೆ ತಪ್ಪು ಹುಡುಕಲು ಸ್ಪೆಲ್‌ಚೆಕ್ ಓಡಿಸಿದರೆ ಹಾಡಿನ ಅರ್ಧ ಪದಗಳಿಗೆ ಕೆಂಪು ಗೆರೆ ಬೀಳುತ್ತಿದೆ. ಏನು ಮಾಡಲಿ?

ಗದಗಿನ ಅಕ್ಕ:

ಸ್ಪೆಲ್‌ಚೆಕ್ ತೆಗೆದು ಬಿಡ್ರಿ. ನಿಮ್ಮ ಅಮ್ಮ ಹಾಡಿದವರ ಬಾಯಾಗ ಬಂಧಂಗ ಬರದಾರ, ಅದು ನಿಘಂಟಿನ ಮಾತಲ್ಲ. ಕೆಂಪು ಗೆರಿ ನೋಡಿ ನೀವು ಒಂದು ಪದ ‘ಸರಿ’ ಮಾಡಿದ್ರ, ಟೈಪ್ ಮಾಡಿಸಿದ್ರ ಆಗತಿತ್ತು ಅಂತ ಹೆದರಿದ್ರಲ್ಲ, ಅದು ನಿಮ್ಮ ಕೈಯಿಂದನ ಆಗತೈತಿ. ಇದರ ಪ್ರೂಫ್ ನೋಡಾಕ ಬರೋದು ಒಬ್ಬರಿಗೆ, ಅಮ್ಮಗ. ದೊಡ್ಡ ಅಕ್ಷರದಾಗ ಪ್ರಿಂಟ್ ತೆಗೆದು ಕೊಡ್ರಿ, ಜೊತಿಗೆ ಒಂದು ಕೆಂಪು ಪೆನ್ನು. ಮನಸಿನ್ಯಾಗ ಓದೋದು ಬ್ಯಾಡ, ಹಾಡಿಕೋತ ನೋಡಲಿ. ಒಂದು ಒತ್ತು ಬಿಟ್ಟಿದ್ರ, ದೀರ್ಘ ಹೋಗಿದ್ರ ಧಾಟಿ ಅಲ್ಲೇ ಮುಗ್ಗರಸತೈತಿ. ಪುರಾಣದ ಪುಸ್ತಕದ ಪ್ರೂಫ್ ನಾವು ಹಿಂಗನ ನೋಡತಿದ್ವಿ, ಒಬ್ಬರು ಓದೋದು, ಒಬ್ಬರು ಹಾಳಿ ನೋಡೋದು. ಹಾಡೋ ಮುಂದ ಫೋನಿನ್ಯಾಗ ರೆಕಾರ್ಡೂ ಮಾಡಿಕೊಳ್ರಿ.

ಪೇಜ್‌ಮೇಕರ್ ಬಗ್ಗೆ. 7.0 ಅದರ ಕಡೀ ಆವೃತ್ತಿ, 2001ರಾಗ ಬಂದದ್ದು, ಮುಂದ ಅಡೋಬಿಯವರು ಅದನ್ನ ನಿಲ್ಲಿಸಿಬಿಟ್ರು. ಅದರ ಬದಲಿ ಬಂದ ಇನ್‌ಡಿಸೈನಿನ ಹೊಸ ಆವೃತ್ತಿ ಆ ಫೈಲ್ ತೆಗೀಯಂಗಿಲ್ಲ, ಸಿಎಸ್6ರ ತನಕ ತೆಗೀತಿತ್ತು. ನಿಮ್ಮ ಕಡೆ ಯಾವುದಾದ್ರೂ ಹಳೆ ಪ್ರೆಸ್ಸಿನ್ಯಾಗ ಪೇಜ್‌ಮೇಕರ್ ಇರೋ ಕಂಪ್ಯೂಟರ್ ಇದ್ದರ ಅಲ್ಲೇ ಹೋಗಿ ಎಕ್ಸ್‌ಪೋರ್ಟ್ ಒಳಗ ಆರ್‌ಟಿಎಫ್ ಅಂತ ತೆಗಿಸಿಕೊಳ್ರಿ, ಅದರಾಗ ಫಾಂಟಿನ ಹೆಸರು ಉಳೀತೈತಿ. ಆಮ್ಯಾಲ ಜಯನಗರದ ತಮ್ಮನ ದಾರಿನ. ಬರೇ ಟೆಕ್ಸ್ಟ್ ಅಂತ ಕೊಟ್ರ ತಗೊಬ್ಯಾಡ್ರಿ. ಅಂಥ ಪ್ರೆಸ್ ಸಿಗಲಿಲ್ಲ ಅಂದ್ರ ಲಿಬ್ರೆ ಆಫೀಸ್ ಡ್ರಾದೊಳಗ ತೆಗೆದು ನೋಡ್ರಿ, ಪುಟದ ಜೋಡಣಿ ಹಾಳಾದ್ರೂ ಮಾತು ಸಿಗತೈತಿ.

ಜಯನಗರ ಕೋಡರ್:

ಅದೂ ಆಗದಿದ್ದರೆ ಮಾತ್ರ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯ ಮಾಡುವುದು). ಪ್ರಿಂಟ್ ಇದ್ದರೆ ಒಳ್ಳೆ ಬೆಳಕಿನಲ್ಲಿ ಸ್ಕ್ಯಾನ್ ಮಾಡಿ ಟೆಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶಕ್ಕೆ ಕೊಡಿ, ಅದಕ್ಕೆ ಕನ್ನಡ ಬರುತ್ತದೆ. ಗೂಗಲ್ ಡ್ರೈವ್‌ನಲ್ಲಿ ಚಿತ್ರವನ್ನು ಗೂಗಲ್ ಡಾಕ್ಸ್ ಆಗಿ ತೆರೆದರೂ ಕನ್ನಡ ಓದಿ ಕೊಡುತ್ತದೆ. ಒತ್ತಕ್ಷರದಲ್ಲಿ ತಪ್ಪು ಹೆಚ್ಚು, ಅಮ್ಮನ ಕೆಂಪು ಪೆನ್ನಿಗೆ ಕೆಲಸ ಜಾಸ್ತಿಯಾಗುತ್ತದೆ.

ಒಂದು ವಿನಂತಿ: ಶ್ರೀಲಿಪಿ ಫೈಲುಗಳ ಫಾಂಟಿನ ಪೂರ್ತಿ ಹೆಸರನ್ನು, ಅದರ ಜೊತೆಗಿರುವ ಅಂಕಿಗಳ ಸಮೇತ, ಇಲ್ಲಿ ಹಾಕಿ. ಅದಕ್ಕೆ ಹೊಂದುವ ಪಟ್ಟಿ ಇದೆಯೇ ನೋಡಿ ಸ್ಕ್ರಿಪ್ಟಿಗೆ ಸೇರಿಸುತ್ತೇನೆ. ಹಾಡಿನ ಪೂರ್ತಿ ಪಠ್ಯ ಬೇಡ, ಒಂದೆರಡು ಸಾಲು ಸಾಕು.

ಸಾಗರದವ:

ಸರಿ, ಇವತ್ತು ಸಂಜೆ ಫಾಂಟಿನ ಹೆಸರು ಹಾಕುತ್ತೇನೆ. ಶಿವಮೊಗ್ಗದಲ್ಲಿ ಗೆಳೆಯನ ಮಾವನ ಪ್ರೆಸ್ ಇದೆ, ಪೇಜ್‌ಮೇಕರ್ ಅಲ್ಲಿ ಇದೆಯಾ ಎಂದು ವಿಚಾರಿಸಿದ್ದೇನೆ. ಧಾರೆ ಹಾಡಿನ ಪ್ರಿಂಟ್ ಅಮ್ಮನಿಗೆ ಕೊಟ್ಟಾಯಿತು. ಎರಡನೇ ಪುಟದಲ್ಲೇ ಒಂದು ಸಾಲು ತಿದ್ದಿದ್ದಾರೆ, ಅದು ಕನ್ವರ್ಟರ್ ತಪ್ಪಲ್ಲ, ಹೊಸನಗರದವರು ಅದನ್ನು ಬೇರೆ ರೀತಿ ಹಾಡುತ್ತಾರಂತೆ. ಎರಡೂ ಪಾಠವನ್ನು ಉಳಿಸಿಕೊಳ್ಳುತ್ತಿದ್ದೇನೆ.