ಅಪ್‌ಡೇಟ್: ಕೊನೆಗೆ 90 ಎಂಎಂ ಮ್ಯಾಕ್ರೋ ಲೆನ್ಸ್ ತಗೊಂಡೆ

ಜೇಡ, ಇರುವೆ ತೆಗೆಯೋಕೆ ನಿಕಾನ್ 40 ಎಂಎಂ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯೋ ಲೆನ್ಸ್) ಸಾಕಾ, ಟ್ಯಾಮ್ರಾನ್ 90 ಬೇಕಾ ಅಂತ ಕೇಳಿದ್ದೆನಲ್ಲ, ಸೆಕೆಂಡ್‌ಹ್ಯಾಂಡ್‌ನಲ್ಲಿ 90 (ವಿಸಿ, ಅಂದ್ರೆ ಕೈ ನಡುಕ ತಡೆಯೋ ವ್ಯವಸ್ಥೆ ಇರೋದು) ಸಿಕ್ತು. ಎರಡೂ 1:1 (ಹುಳದ ನಿಜವಾದ ಗಾತ್ರದಷ್ಟೇ ಚಿತ್ರ) ಕೊಡೋದರಿಂದ ಹುಳ ಕ್ಯಾಮೆರಾದ ಸೆನ್ಸರ್ ಮೇಲೆ ಒಂದೇ ಅಳತೆಗೆ ಬೀಳುತ್ತೆ. ನೀವು ಹೇಳಿದ ಹಾಗೆ ವ್ಯತ್ಯಾಸ ಇರೋದು ದೂರದಲ್ಲಿ. 40ರ ಕನಿಷ್ಠ ಫೋಕಸ್ ದೂರ 16.3 ಸೆಂ.ಮೀ., ಅದೂ ಸೆನ್ಸರ್‌ನಿಂದ ಅಳೆದದ್ದು. ಲೆನ್ಸಿನ ಉದ್ದ ಕಳೆದರೆ ಹುಳಕ್ಕೂ ಗಾಜಿಗೂ ನಡುವೆ ಎರಡು-ಮೂರು ಬೆರಳಗಲ ಅಷ್ಟೇ. ಲೆನ್ಸಿನ ನೆರಳೇ ಅದರ ಮೇಲೆ. 90ರಲ್ಲಿ ಸುಮಾರು 14 ಸೆಂ.ಮೀ. ಸಿಗುತ್ತೆ, ಜಿಗಿಯುವ ಜೇಡ ಕೂತಲ್ಲೇ ಕೂತಿರುತ್ತೆ.

1:1 ಹತ್ತಿರ ಆಟೋಫೋಕಸ್ ಬರೀ ತಡಕಾಡುತ್ತೆ. ಮ್ಯಾನುವಲ್‌ಗೆ ಹಾಕಿ ಫೋಕಸ್ ಸಿಗೋವರೆಗೂ ನಾನೇ ಹಿಂದೆ ಮುಂದೆ ವಾಲ್ತೀನಿ. ಎಫ್/11ರಷ್ಟು ಕಿರಿದಾದ ಅಪರ್ಚರ್‌ನಲ್ಲೂ (ಲೆನ್ಸಿನೊಳಗೆ ಬೆಳಕು ಬರೋ ಕಿಂಡಿ) ಹುಳದ ಕಣ್ಣು ಶಾರ್ಪ್ ಆದ್ರೆ ಹಿಂಗಾಲು ಮಸುಕು. ಮುಂದಿನ ಖರ್ಚು ಫ್ಲ್ಯಾಶ್, ಮನೇಲಿ ಇನ್ನೂ ಹೇಳಿಲ್ಲ.