ಹೋಗಿರೋದು ಇನ್ಸುಲೇಷನ್ನಾ, ಎಸಿನಾ? ಅನುಭವ ಇದ್ದವರು ಹೇಳಿ

ಮೂರನೇ ಮಹಡಿ: ನಮ್ಮದು ಮೂರು ಮಹಡಿಯ ಆಫೀಸು ಕಟ್ಟಡ. ಮೇಲಿನ ಮಹಡಿಯ ಪಶ್ಚಿಮದ ಮೂಲೆಯಲ್ಲಿ ಕೂತವರು ಮಧ್ಯಾಹ್ನವಾದರೆ ಬೆಂದು ಹೋಗುತ್ತಾರೆ. ನಡುವೆ ಕೂತವರು ಸ್ವೆಟರ್ ಹಾಕುತ್ತಾರೆ. ಕರೆಂಟ್ ಬಿಲ್ಲು ಎರಡು ವರ್ಷದಿಂದ ಏರುತ್ತಲೇ ಇದೆ. ಎಸಿಯವರು ಮಷೀನ್ ಸರಿ ಇದೆ ಅಂತಾರೆ. ಫಾಲ್ಸ್ ಸೀಲಿಂಗ್ ಮೇಲೆ ಇನ್ಸುಲೇಷನ್‌ಗೆ, ಅಂದರೆ ಬಿಸಿ ಒಳಗೆ ಇಳಿಯದಂತೆ, ಗ್ಲಾಸ್ ವೂಲ್ (ಗಾಜಿನ ನಾರಿನ ಹಾಸು) ಹಾಕಿ ಹನ್ನೆರಡು ವರ್ಷವಾಯಿತು. ಅದು ಕೆಟ್ಟಿದೆ ಅಂತ ಗೊತ್ತಾಗೋದು ಹೇಗೆ?

ತಗಡಿನ ಗೋದಾಮು: ನನ್ನ ಕತೆ ಕೇಳಿ. ತಗಡಿನ ಚಾವಣಿ, ಕೆಳಗೆ ಗ್ಲಾಸ್ ವೂಲ್. ಬೆಳಗ್ಗೆ ಬಾಗಿಲು ತೆಗೆದರೆ ರಟ್ಟಿನ ಪೆಟ್ಟಿಗೆಗಳ ಮೇಲೆ ದುಂಡು ದುಂಡು ನೀರಿನ ಕಲೆ. ಸೋರುತ್ತಿದೆ ಅಂದುಕೊಂಡು ಸ್ಕ್ರೂಗಳಿಗೆಲ್ಲ ಸೀಲೆಂಟ್ ಬಳಿಸಿದೆ. ಒಂದಲ್ಲ, ಎರಡು ಸಲ. ಎರಡನೇ ಸಲ ವಾಷರ್‌ಗಳನ್ನೂ ಬದಲಿಸಿದೆ. ಒಂಬೈನೂರ ಚಿಲ್ಲರೆ ವಾಷರ್, ಎಣಿಸಿ ಕೊಟ್ಟವನು ನಾನೇ. ಆದರೂ ತೊಟ್ಟಿಕ್ಕುತ್ತಿತ್ತು, ಮಳೆ ನಿಂತು ಮೂರು ವಾರವಾಗಿದ್ದರೂ! ಆಗ ಹೊಳೆಯಿತು, ಇದು ಮಳೆ ನೀರಲ್ಲ, ತಗಡಿನ ಬೆವರು. ವೂಲ್‌ಗೆ ಅಂಟಿಸಿದ್ದ ಹಾಳೆ ಹರಿದಿತ್ತು. ಒಳಗಿನ ತೇವದ ಗಾಳಿ ಮೇಲೆ ನುಗ್ಗಿ, ರಾತ್ರಿ ತಣ್ಣಗಾದ ತಗಡಿಗೆ ತಾಗಿ ನೀರಾಗುತ್ತಿತ್ತು. ವೂಲ್ ಬಿಚ್ಚಿ ಹಿಂಡಿದರೆ ಬಟ್ಟೆ ಹಿಂಡಿದ ಹಾಗೆ ನೀರು ಸುರಿಯಿತು. ಅರ್ಧ ಚಾವಣಿಯದು ಎಸೆದೆ. ಸೀಲೆಂಟು, ಕೂಲಿ, ಹಾಳಾದ ಸರಕು ಎಲ್ಲ ಲೆಕ್ಕ ಹಾಕಿದರೆ ಹೊಸ ವೂಲ್ ಎರಡು ಪದರ ಹಾಕಿಸಬಹುದಿತ್ತು. ಲೆಕ್ಕದ ಚೀಟಿ ಇನ್ನೂ ಇಟ್ಟಿದ್ದೇನೆ.

ಎಸಿ ಕೆಲಸದವ: ಏನೇ ಆದರೂ ಮೊದಲು ಬೈಸಿಕೊಳ್ಳೋದು ನಾವು. ಒಂದು ಕಟ್ಟಡದಲ್ಲಿ ಮಧ್ಯಾಹ್ನ ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಗ್ಯಾಸ್ ಹಾಕಿ ಅಂದರು. ಗ್ಯಾಸ್ ಸರಿ ಇದೆ, ಚಾವಣಿ ನೋಡಿಸಿ ಅಂದೆ. ನನ್ನನ್ನು ಬಿಟ್ಟು ಬೇರೆಯವರಿಂದ ದೊಡ್ಡ ಮಷೀನ್ ಹಾಕಿಸಿದರು. ಬಿಸಿಲಿಲ್ಲದ ಹೊತ್ತಲ್ಲಿ ಅದು ಗಬಕ್ಕನೆ ತಂಪು ಮಾಡಿ ನಿಲ್ಲುತ್ತಿತ್ತು, ಗಾಳಿಯ ತೇವ ತೆಗೆಯೋಕೆ ಪುರುಸೊತ್ತೇ ಇಲ್ಲ. ಆರು ತಿಂಗಳಿಗೆ ಗೋಡೆಯೆಲ್ಲ ಬೂಸ್ಟು. ಮತ್ತೆ ನನ್ನನ್ನೇ ಕರೆದರು. ಹೋಗಲಿಲ್ಲ.

ಮಟ್ಟಸ ಚಾವಣಿ: ಬಿಸಿ-ತಂಪನ್ನು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಇಲ್ಲದೆ ಇದೆಲ್ಲ ಬರೀ ಊಹೆ. ಹಾಗಂತ ಕ್ಯಾಮೆರಾ ತಂದವನೆಲ್ಲ ತಿಳಿದವನಲ್ಲ. ನಮ್ಮಲ್ಲಿಗೆ ಬಂದವನು ನಡುಮಧ್ಯಾಹ್ನ ಇಡೀ ಚಾವಣಿ ಕೆಂಪಗೆ ತೋರಿಸಿ ಹಣ ತಗೊಂಡು ಹೋದ. ಎರಡನೇ ಸಲ ನಾನೇ ಹಟ ಹಿಡಿದು, ಹೊತ್ತು ಮುಳುಗಿ ಎರಡು ಗಂಟೆ ಕಳೆದ ಮೇಲೆ ಮಾಡಿಸಿದೆ. ಒಣಗಿದ ಭಾಗ ತಣ್ಣಗಾಗಿತ್ತು, ನೀರು ಕುಡಿದ ಭಾಗ ಹಗಲಿನ ಶಾಖ ಹಿಡಿದಿಟ್ಟುಕೊಂಡು ಇನ್ನೂ ಬಿಸಿ. ದ್ವೀಪಗಳ ಹಾಗೆ ಐದು ಕಡೆ ಎದ್ದು ಕಂಡಿತು. ವೂಲ್ ಕೆಲಸ ಮಾಡೋದೇ ಒಳಗೆ ಹಿಡಿದಿಟ್ಟ ಗಾಳಿಯಿಂದ ಅಲ್ವಾ? ನೀರು ಆ ಗಾಳಿಗಿಂತ ಸುಮಾರು 25 ಪಟ್ಟು ಜಾಸ್ತಿ ಶಾಖ ದಾಟಿಸುತ್ತದೆ, ಹಾಗಾಗಿ ಒದ್ದೆ ವೂಲ್ ಶಾಖ ತಡೆಯೋದಿಲ್ಲ. ಗೋಡೆ ನೋಡಿಸೋದಾದರೆ ಒಳಗೂ ಹೊರಗೂ 10 ಡಿಗ್ರಿಯಾದರೂ ವ್ಯತ್ಯಾಸ ಇರಲಿ.

ತಗಡಿನ ಗೋದಾಮು: ಹೊಳೆಯುವ ತಗಡಿನ ಮೇಲೆ ನಿಮ್ಮ ಕ್ಯಾಮೆರಾ ಆಕಾಶ ತೋರಿಸುತ್ತದೆ ಅಷ್ಟೇ. ತಗಡು ಅದಕ್ಕೆ ಕನ್ನಡಿ ಇದ್ದ ಹಾಗೆ. ಚಾವಣಿಯನ್ನೇ ಒಂದು ಅಂಗೈ ಅಗಲ ಕುಯ್ದು ಒಳಗೆ ನೋಡಿ. ಖರ್ಚಿಲ್ಲದ ಕೆಲಸ.

ಮಟ್ಟಸ ಚಾವಣಿ: ಕುಯ್ದ ಜಾಗ ಮುಚ್ಚದೆ, ಅಲ್ಲಿಂದಲೇ ನೀರು ಇಳಿಸಿಕೊಂಡವರನ್ನೂ ನೋಡಿದ್ದೇನೆ.

ತಗಡಿನ ಗೋದಾಮು: ಯಾರಿಗೆ ಹೇಳುತ್ತಿದ್ದೀರಿ ಸಾರ್? ಸೀಲೆಂಟ್ ಬಳಿದ ದಡ್ಡ ನಾನೇ ಅಂತ ಒಪ್ಪಿಕೊಂಡಿದ್ದೇನಲ್ಲ.

ಫೋಮ್ ಮಾಲೀಕ: ಇಷ್ಟೆಲ್ಲ ಒದ್ದಾಟ ಯಾಕೆ? ನಾವು ಸ್ಪ್ರೇ ಫೋಮ್ (ಸಿಂಪಡಿಸಿದರೆ ಉಬ್ಬಿ ಗಟ್ಟಿಯಾಗುವ ನೊರೆ) ಹೊಡೆಸಿ ಐದು ವರ್ಷ. ಒಂದು ದಿನ ತಲೆ ಎತ್ತಿ ನೋಡಿಲ್ಲ.

ಎಸಿ ಕೆಲಸದವ: ಎತ್ತಿ ನೋಡಿ. ಬಿಸಿಲು ಬಿದ್ದ ಕಡೆ ಹಳದಿಯಾಗಿ ಪುಡಿ ಉದುರುತ್ತಿರುತ್ತದೆ. ಒಂದು ಕಡೆ ಫೋಮ್ ಕುಗ್ಗಿ, ತೊಲೆ ಪಕ್ಕ ಬೆರಳು ತೂರುವಷ್ಟು ಬಿಟ್ಟುಕೊಂಡಿತ್ತು.

ಫೋಮ್ ಮಾಲೀಕ: ಮಿಶ್ರಣ ತಪ್ಪಿದರೆ ಕುಗ್ಗುತ್ತದೆ, ಮೇಲೆ ಕೋಟಿಂಗ್ ಇಲ್ಲದಿದ್ದರೆ ಪುಡಿಯಾಗುತ್ತದೆ. ಹೊಡೆದವನ ತಪ್ಪಿಗೆ ಫೋಮ್ ಯಾಕೆ ಬೈತೀರಿ? ನಮ್ಮದಕ್ಕೆ ಕೋಟಿಂಗ್ ಇದೆ.

ಎಸಿ ಕೆಲಸದವ: ಎಲ್ಲರೂ ಹಾಗೇ ಅಂತಾರೆ.

ಮೂರನೇ ಮಹಡಿ: ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಏಣಿ ಹಾಕಿ ಪಶ್ಚಿಮದ ಮೂಲೆಯ ಸೀಲಿಂಗ್ ಟೈಲ್ ಎತ್ತಿದೆ. ವೂಲ್ ಒಣಗಿಯೇ ಇದೆ, ಕಲೆಯೂ ಇಲ್ಲ. ಆದರೆ ಕೇಬಲ್ ಎಳೆಯಲು ಬಂದವರು ಯಾವಾಗಲೋ ಅದನ್ನು ಹಾಸಿಗೆ ಸುತ್ತಿದ ಹಾಗೆ ಸುತ್ತಿ ಪಕ್ಕಕ್ಕೆ ತಳ್ಳಿದ್ದಾರೆ. ಹನ್ನೊಂದು ಟೈಲ್ ಜಾಗ ಖಾಲಿ. ಆಚೆ ಕಡೆ ಕೇಬಲ್ ಕಟ್ಟು ವೂಲ್ ಮೇಲೆಯೇ ಮಲಗಿ, ನಾಲ್ಕು ಇಂಚು ಇದ್ದದ್ದು ಎರಡು ಇಂಚಾಗಿದೆ. ಮತ್ತೆ ಹರಡಿದರೆ ಸಾಕಾ, ಹೊಸದೇ ಬೇಕಾ?

ತಗಡಿನ ಗೋದಾಮು: ಒಣಗಿದ್ದರೆ ಹರಡಿ. ಎರಡು ಇಂಚಾದ ಕಡೆ ಕೇಬಲ್ ಎತ್ತಿ ಕಟ್ಟಿ, ವೂಲ್ ಮತ್ತೆ ಉಬ್ಬದಿದ್ದರೆ ಅಲ್ಲಿ ಮಾತ್ರ ಬದಲಿಸಿ. ನಿಮ್ಮ ಪುಣ್ಯ ನನಗಿರಲಿಲ್ಲ.

ಫೋಮ್ ಮಾಲೀಕ: ಕೋಟಿಂಗ್ ಮಾಡಿಸಿದ ದಿನದ ಫೋಟೊ ಇದೆ. ಎಸಿಯವರೇ, ನೋಡ್ತೀರಾ?