ಸಹಾಯ ಬೇಕು: ಅಕ್ಕನ ಮಗನಿಗೆ ಕಾರ್ ರ‍್ಯಾಲಿ ಹುಚ್ಚು, ಕೋ-ಡ್ರೈವರ್ ಯಾರಾದ್ರೂ ಇದ್ದೀರಾ?

ನಮಸ್ಕಾರ ಎಲ್ಲರಿಗೂ, ಕಾಪು ಕಡೆ ನಂದೊಂದು ಸಣ್ಣ ಗ್ಯಾರೇಜ್ ಉಂಟು. ಅಕ್ಕನ ಮಗನಿಗೆ 22 ವರ್ಷ, ಡಿಪ್ಲೊಮಾ ಮುಗಿಸಿ ನನ್ನೊಟ್ಟಿಗೇ ಕೆಲಸ ಮಾಡ್ತಾನೆ, ಈಗ ರ‍್ಯಾಲಿ ಡ್ರೈವರೇ ಆಗ್ಬೇಕು ಅಂತ ಹಠ ಹಿಡಿದು ಕೂತಿದ್ದಾನೆ. ನಮ್ಮ ದೇಶದ ರ‍್ಯಾಲಿ ಡ್ರೈವರ್ ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್ ಆದದ್ದು, 2019ರಲ್ಲಿ ಅರ್ಜುನ ಪ್ರಶಸ್ತಿ ಸಿಕ್ಕಿದ್ದು ಎಲ್ಲ ಅವನಿಗೆ ಬಾಯಿಪಾಠ. ಅಕ್ಕ ಕೇಳುದು ಒಂದೇ, ಹೊಟ್ಟೆಗೆ ಎಂತ ಮಾಡ್ತಾನೆ? ನನ್ನತ್ರ ಉತ್ತರ ಇಲ್ಲ ಮಾರಾಯ್ರೆ.

ಗಾಡಿ ಓಡಿಸುದು ಸಮಸ್ಯೆ ಅಲ್ಲ, ಕೈ ಒಳ್ಳೇದುಂಟು. ಕಳೆದ ವಾರ ಕಾರ್ಕಳದ ಹತ್ರ ಭಾವನ ತೋಟದ ಮಣ್ಣಿನ ದಾರಿಯಲ್ಲಿ ಹಳೇ ಜಿಪ್ಸಿ ತಗೊಂಡು ಹೋದ್ವಿ, ನಾನು ಕೋ-ಡ್ರೈವರ್ ಹಾಗೆ ಪಕ್ಕ ಕೂತು ಪೇಸ್ ನೋಟ್ಸ್ (ಮುಂದಿನ ತಿರುವು ಎಷ್ಟು ಕಡಿದು, ಎಷ್ಟು ದೂರ ಅಂತ ಬರೆದ ಪುಸ್ತಕ) ಓದಿದೆ, "ರೈಟ್ ಫೋರ್, ಐವತ್ತು, ಲೆಫ್ಟ್ ಟೂ" ಅಂತ, ಮೂರನೇ ತಿರುವಿಗೆ ಬರುವಾಗ ನಾನು ಒಂದು ಲೈನ್ ಹಿಂದೆ ಬಿದ್ದಿದ್ದೆ, ಅವ ಬ್ರೇಕ್ ಹಾಕಿ ಅಡಿಕೆ ಗಿಡದ ಬುಡದಲ್ಲಿ ನಿಲ್ಸಿದ, ನಂಗೆ ಪುಸ್ತಕ ನೋಡಿ ನೋಡಿ ವಾಂತಿ ಬರುವ ಹಾಗಾಗಿತ್ತು. ಅಲ್ಲಿಗೆ ಗೊತ್ತಾಯ್ತು ಇದು ಇಬ್ಬರ ಆಟ ಅಂತ.

ಹಾಗಾಗಿ ಮಂಗಳೂರು, ಉಡುಪಿ, ಮಣಿಪಾಲ ಕಡೆ ರ‍್ಯಾಲಿಯಲ್ಲಿ ಕೋ-ಡ್ರೈವರ್ ಆಗಿ ಕೂತವರು ಇದ್ರೆ ಒಂದೆರಡು ಭಾನುವಾರ ನೋಟ್ಸ್ ಬರೀಲಿಕ್ಕೆ ಹೇಳಿಕೊಡ್ತೀರಾ? ಊಟ, ಪೆಟ್ರೋಲ್ ನಂದು. ಎಫ್‌ಎಂಎಸ್‌ಸಿಐ (ನಮ್ಮ ದೇಶದ ಮೋಟಾರ್ ಸ್ಪೋರ್ಟ್ಸ್ ಸಂಸ್ಥೆ) ಲೈಸೆನ್ಸ್ ಮಾಡಿಸಿದವರು ಅದಕ್ಕೆ ಎಂತೆಲ್ಲ ಬೇಕು ಹೇಳಿ. ಸೀದಾ ರ‍್ಯಾಲಿಗೆ ಇಳಿಯುದಾ, ಮೊದಲು ಆಟೋಕ್ರಾಸ್ (ಸಣ್ಣ ಟ್ರ್ಯಾಕಿನಲ್ಲಿ ಸಮಯದ ಲೆಕ್ಕದ ಸ್ಪರ್ಧೆ) ಮಾಡುದಾ? ಹೆಲ್ಮೆಟ್, ಹಾನ್ಸ್ (ಕುತ್ತಿಗೆ ಕಾಪಾಡುವ ಸಾಧನ) ಸೆಕೆಂಡ್ ಹ್ಯಾಂಡ್ ತಗೊಳ್ಬೋದಾ? ನಂಗಂತೂ ಜೀವದ ಸಾಮಾನು ಹಳೇದು ತಗೊಳ್ಳಿಕ್ಕೆ ಮನಸ್ಸಿಲ್ಲ. ಸ್ಪಾನ್ಸರ್ ಸಿಕ್ಕಿದವರು ಹೇಗೆ ಸಿಕ್ತು ಅಂತ ಸತ್ಯ ಹೇಳಿ, ಅಕ್ಕನಿಗೂ ಓದಿಸ್ಲಿಕ್ಕುಂಟು.